ಕನಸುಬಾಕ ಎಂಬ ಪದವೇ ಇಲ್ಲ

ಹೊಟ್ಟೆಬಾಕ ಎಂಬ ಪದವಿದೆ, ಒಪ್ಪುತ್ತೇನೆ. ನಿದ್ದೆಬಡುಕ, ಅಳುಬುರುಕ, ತಿಂಡಿಪೋತ, ಜಗಳಗಂಟ ಎಲ್ಲವೂ ಇವೆ. ಏನನ್ನಾದರೂ ಅತಿಯಾಗಿ ಹಚ್ಚಿಕೊಂಡವನಿಗೆ ನಮ್ಮ ಭಾಷೆ ಒಂದು ಬಾಲ ಅಂಟಿಸಿಯೇ ಕಳಿಸುತ್ತದೆ. ಆದರೆ ಕನಸುಬಾಕ? ಅಂಥದ್ದೊಂದು ಪದ ಯಾವ ನಿಘಂಟಿನಲ್ಲೂ ಇಲ್ಲ. ಅಚ್ಚುಕೂಟದಲ್ಲಿ ಕರಡು ತಿದ್ದಿ ತಿದ್ದಿ ತಲೆಕೂದಲು ಉದುರಿಸಿಕೊಂಡವನು ಹೇಳುತ್ತಿದ್ದೇನೆ, ನಂಬಿ. ನಮ್ಮ ಕಸುಬಿನಲ್ಲಿ ಇರುವ ಪದವನ್ನು ತಿದ್ದುತ್ತೇವೆ, ಇಲ್ಲದ ಪದವನ್ನು ಹೊಡೆದು ಹಾಕುತ್ತೇವೆ. ಈ ಇಲ್ಲದ ಪದವನ್ನು ಹುಟ್ಟಿಸಿದವಳು ನನ್ನ ಹೆಂಡತಿ. ಹುಟ್ಟಿಸಿದ್ದು ನನಗೋಸ್ಕರ.

"ಕನಸುಬಾಕ ಅನ್ನೋ ಪದಾನೇ ಇಲ್ಲ ಕಣೇ. ಬೇಕಾದ್ರೆ ಸ್ವಪ್ನೋಪಾಸಕ ಅನ್ನು."

"ಹಾಲು ಉಕ್ಕಿ ಒಲೆಯೆಲ್ಲ ಹರೀತಿದ್ರೂ ಪಕ್ಕದಲ್ಲೇ ನಿಂತು ನಗ್ತಿರೋರಿಗೆ ಅಷ್ಟುದ್ದದ ಹೆಸರು ಯಾಕ್ರೀ?"

(ಉಕ್ಕುವ ನೊರೆಯಲ್ಲಿ ಒಂದು ಬೆಟ್ಟದ ಸಾಲು ಕಂಡಿತ್ತು. ಅದನ್ನೆಲ್ಲ ಅವಳಿಗೆ ವಿವರಿಸಲು ಹೋಗಲಿಲ್ಲ.)

ನ್ಯಾಯವಾಗಿ ನೋಡಿದರೆ ನಮ್ಮ ಮನೆಯಲ್ಲಿ ಅತಿರೇಕ ನನ್ನದಲ್ಲ. ಹೆಂಡತಿಗೆ ಒರೆಸುವ ಗೀಳು. ನೀರು ಕುಡಿಯಲು ಲೋಟ ಎತ್ತಿದರೆ, ಕೆಳಗಿಡುವಷ್ಟರಲ್ಲಿ ಅದರಡಿಯ ಜಾಗ ಒರೆಸಿರುತ್ತಾಳೆ. ನಮ್ಮ ಜೊತೆಗೇ ಇರುವ ಮಾವನವರದು ಇನ್ನೂ ಮುಂದೆ ಹೋದ ಸಿದ್ಧಾಂತ. ಮನುಷ್ಯನ ಸಕಲ ರೋಗಗಳಿಗೂ ಸಕಲ ಯುದ್ಧಗಳಿಗೂ ಕುರ್ಚಿಯೇ ಮೂಲ ಎಂದು ಅವರ ನಂಬಿಕೆ. ನೆಲ ಬಿಟ್ಟು ಮೇಲೆ ಕೂರುವುದಿಲ್ಲ. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಿಂತೇ ಪ್ರಯಾಣ. ಇಂಥ ಇಬ್ಬರು ತೀವ್ರವಾದಿಗಳ ನಡುವೆ ಜೀವ ಹಿಡಿದುಕೊಂಡಿರುವ ಏಕೈಕ ಸಮಚಿತ್ತದ ಪ್ರಾಣಿ ನಾನು.

ನನಗೆ ಬೇಕಿದ್ದದ್ದು ಒಂದು ಕಿಟಕಿ, ಅಷ್ಟೇ. ನಮ್ಮ ಬಾಡಿಗೆ ಮನೆಯ ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ ಮೂಗಿಗೆ ತಗಲುತ್ತಿತ್ತು. ಆ ಗೋಡೆಯ ಪಾಚಿಯಲ್ಲೇ ನಾನು ಎಷ್ಟೋ ಕಾಡು, ದ್ವೀಪಗಳನ್ನು ಕಂಡುಕೊಂಡಿದ್ದೆ. ಆದರೂ ಆಕಾಶ ಆಕಾಶವೇ. ಹೀಗಿರುವಾಗ ಒಂದು ಸಂಜೆ ಅಚ್ಚುಕೂಟದಿಂದ ಬರುತ್ತ, ಹಳೆಯ ಮಹಡಿ ಮನೆಯೊಂದರ ಮೇಲ್ಗಡೆ ಹೊರಕ್ಕೆ ಚಾಚಿಕೊಂಡ ಅಗಲವಾದ ಕಿಟಕಿಯೊಂದನ್ನು ಕಂಡೆ. ಒಳಗೆ ಕೂರಲು ಕಟ್ಟೆ ಇದ್ದೇ ಇರಬೇಕು. ಗಾಜಿನ ತುಂಬ ಸಂಜೆಯ ಬಣ್ಣ. ನಾನು ನಡುಬೀದಿಯಲ್ಲೇ ನಿಂತುಬಿಟ್ಟೆ. ಸೈಕಲ್ಲಿನವನೊಬ್ಬ ಬೈದು ಹೋದ ಮೇಲೆ ಗೇಟಿನ ಹಲಗೆ ಕಣ್ಣಿಗೆ ಬಿತ್ತು.

"ಮೇಲಿನ ಮನೆ ಬಾಡಿಗೆಗೆ ಇದೆ. ಯಾವುದೇ ಹುಚ್ಛು ಇರುವವರು ಬರಬಾರದು."

ಹುಚ್ಚಿಗೆ ಮಹಾಪ್ರಾಣ! ಕೈ ತಾನಾಗಿ ಜೇಬಿನ ಕೆಂಪು ಪೆನ್ಸಿಲಿಗೆ ಹೋಯಿತು. ಮನೆ ಬೇಕಲ್ಲ ಎಂದು ಕೈಯನ್ನು ಹಿಂದಕ್ಕೆಳೆದುಕೊಂಡೆ.

ಮನೆಯ ಒಡತಿ ಕೆಳಗಿನ ಮನೆಯಲ್ಲೇ ಇದ್ದರು. ಆಸ್ಪತ್ರೆಯ ನಿವೃತ್ತ ಮೇಟ್ರನ್. ಮಾತಾಡುವಾಗಲೂ ಥರ್ಮಾಮೀಟರ್ ಹಿಡಿದಂತೆ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ನೋಡಪ್ಪಾ, ಮೊದಲು ಇದ್ದೋನಿಗೆ ಪಾರಿವಾಳದ ಹುಚ್ಚು. ಆಮೇಲೆ ಬಂದೋನು ಉಪ್ಪು ಬಿಟ್ಟಿದ್ದ. ಬಿಡ್ಲಿ, ನನಗೇನು? ದಿನಾ ಬೆಳಿಗ್ಗೆ ಬಂದು ನನ್ನ ಉಪ್ಪಿನ ಡಬ್ಬೀನೂ ಹುಡುಕಿ ಚೆಲ್ಲೋನು. ನಿಮ್ಮಲ್ಲಿ ಯಾರಿಗಾದ್ರೂ ಅಂಥದ್ದೇನಾದ್ರೂ ಇದ್ಯಾ?"

"ಛೆ ಛೆ! ನಾವು ತೀರಾ ಸಾಧಾರಣ ಜನ ಮೇಡಂ."

"ಭಾನುವಾರ ಎಲ್ರನ್ನೂ ಕರ್ಕೊಂಡು ಬನ್ನಿ. ಪರೀಕ್ಷೆ ಮಾಡ್ತೀನಿ."

ಅಂದಿನಿಂದ ಮನೆಯಲ್ಲಿ ಸಾಧಾರಣತ್ವದ ತಾಲೀಮು ಶುರುವಾಯಿತು.

"ಮಾವ, ಒಂದು ಲೋಟ ಟೀ ಕುಡಿಯೋವಷ್ಟು ಹೊತ್ತು ಕುರ್ಚಿ ಮೇಲೆ ಕೂತ್ಕೊಳ್ಳಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಅಳಿಯಂದಿರೇ, ನೀವು ಕೇಳ್ತಿರೋದು ನನ್ನ ಜೀವಮಾನದ ತಪಸ್ಸನ್ನ," ಎಂದು ಮಾವನವರು ಗದ್ಗದಿತರಾದರು. ಮಗಳ ಮುಖ ನೋಡಿ ಕೊನೆಗೆ ಒಪ್ಪಿದರು.

"ನಾನೂ ಕೈ ಕಟ್ಕೊಂಡೇ ಕೂರ್ತೀನಿ," ಎಂದಳು ಹೆಂಡತಿ. "ನಿಮ್ಮ ಕಥೆ ಏನು?"

"ನನಗೇನಾಗಿದೆ?"

"ಅದೇ ನನ್ನ ಭಯ."

ಭಾನುವಾರ ಎಲ್ಲವೂ ಅಂದುಕೊಂಡಂತೆಯೇ ನಡೆಯಿತು. ಮಾವನವರು ಹಲ್ಲು ಕೀಳಿಸಿಕೊಳ್ಳಲು ಬಂದವರ ಹಾಗೆ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಗಾಜಿನ ಬೀರುವಿನ ಮೇಲಿನ ದೂಳನ್ನು ನೋಡುತ್ತ ಹೆಂಡತಿ ಒಂದು ಕೈಯನ್ನು ಇನ್ನೊಂದರಲ್ಲಿ ಹಿಡಿದು ಬಂಧಿಸಿದ್ದಳು. ಮೇಟ್ರನ್ ಅವರಿಗೆ ಸಮಾಧಾನವಾಗಿರಬೇಕು, ನನ್ನ ಕೈಗೆ ಬೀಗದ ಕೈ ಕೊಟ್ಟು, "ಮೇಲೆ ಹೋಗಿ ನೋಡ್ಕೊಂಡು ಬಂದ್ಬಿಡಿ," ಎಂದರು.

ಕಟ್ಟೆ ಇತ್ತು. ಒಂದೇ ಒಂದು ನಿಮಿಷ ಎಂದುಕೊಂಡು ಕೂತೆ. ಬಿಸಿಲು ಅದನ್ನು ಹದವಾಗಿ ಬೆಚ್ಚಗೆ ಮಾಡಿಟ್ಟಿತ್ತು. ಎದುರಿನ ತಾರಸಿಯಲ್ಲಿ ಒಣಹಾಕಿದ್ದ ಬಿಳಿ ಹೊದಿಕೆ ಗಾಳಿಗೆ ಉಬ್ಬಿತು, ಇಳಿಯಿತು, ಮತ್ತೆ ಉಬ್ಬಿತು. ಅದರ ಜೊತೆಗೆ ಈ ಮನೆಯೂ ಕಟ್ಟಿದ ಹಗ್ಗ ಬಿಚ್ಚಿಕೊಂಡು ಮೆಲ್ಲಗೆ ತೇಲತೊಡಗಿತು. ಬೀದಿ ದೂರವಾಯಿತು. ಅಚ್ಚುಕೂಟವೂ ದೂರವಾಯಿತು, ಅದರ ಬಾಗಿಲಲ್ಲಿ ಮಾಲೀಕರು ಕರಡಿನ ಕಟ್ಟು ಬೀಸಿ ಕರೆಯುತ್ತ ಕರೆಯುತ್ತ ಇರುವೆಯಷ್ಟಾದರು. ಆಗ ಒಂದು ಮೋಡ ಪಕ್ಕಕ್ಕೆ ಬಂದು ನಿಂತು, ತನ್ನ ಮೇಲೆ ಬರೆದದ್ದನ್ನು ಓದು ಎಂದಿತು. ಓದಿದೆ. ಸಾಲು ಸಾಲಾಗಿ, ಅವಸರವಿಲ್ಲದೆ ಓದಿದೆ. ಒಂದು ತಪ್ಪೂ ಇರಲಿಲ್ಲ. ತಿದ್ದಲು ಏನೂ ಇಲ್ಲದ ಪುಟವನ್ನು ಜೀವಮಾನದಲ್ಲಿ ಮೊದಲ ಸಲ ನೋಡುತ್ತಿದ್ದೆ. ಎಷ್ಟು ಸುಖವಾಯಿತೆಂದರೆ ಕಣ್ಣಲ್ಲಿ ನೀರು ಬಂತು.

"ತಪ್ಪೇ ಇಲ್ಲ," ಎಂದೆ ಮೆಲ್ಲಗೆ. "ಹಾಗೇ ಅಚ್ಚಿಗೆ ಕಳಿಸಿ."

"ಏನನ್ನ?" ಎಂದಿತು ಮೋಡ, ಮೇಟ್ರನ್ ದನಿಯಲ್ಲಿ.

ನೋಡಿದರೆ ಮೇಟ್ರನ್ ನನ್ನ ಮಣಿಕಟ್ಟು ಹಿಡಿದು ನಾಡಿ ನೋಡುತ್ತಿದ್ದರು. ಹೊರಗೆ ಬೀದಿದೀಪ ಹತ್ತಿತ್ತು. ಬಾಗಿಲಲ್ಲಿ ಹೆಂಡತಿ, ಅವಳ ಕೈಯಲ್ಲಿ ಒರೆಸುವ ಬಟ್ಟೆ. ಅವಳ ಹಿಂದೆ ಮಾವನವರು.

"ನೀವು ಈಗ ಬರ್ತೀರಿ, ಆಗ ಬರ್ತೀರಿ ಅಂತ ಕಾದೂ ಕಾದೂ ಅಪ್ಪ ಕುರ್ಚಿಯಿಂದ ಇಳಿದೇಬಿಟ್ರು," ಎಂದಳು ಹೆಂಡತಿ. "ನನ್ನ ಕೈಯೂ ನಿಲ್ಲಲಿಲ್ಲ."

ಮುಗಿಯಿತು, ಕಿಟಕಿ ಕೈತಪ್ಪಿತು ಎಂದುಕೊಂಡೆ. ಆದರೆ ಮೇಟ್ರನ್ ಮುಖದಲ್ಲಿ ಬೇರೆಯೇ ಕಳೆ ಇತ್ತು.

"ಇವರ ಮಾತು ಕೇಳಿ ನಾನೂ ನೆಲದ ಮೇಲೆ ಕೂತೆ. ಎಷ್ಟೋ ವರ್ಷದ ಸೊಂಟನೋವು ಹಗುರಾಯ್ತು! ಇನ್ನು ಇವಳು ನನ್ನ ಬೀರು ಒರೆಸಿರೋದು ನೋಡಿ. ನನ್ನ ವಾರ್ಡಿನ ನರ್ಸುಗಳಿಗೇ ಹೀಗೆ ಒರೆಸೋಕೆ ಬರ್ತಿರಲಿಲ್ಲ. ಇದು ಹುಚ್ಚಲ್ಲ, ಶಿಸ್ತು. ಆದ್ರೆ..." ಅವರು ನನ್ನ ಕೈ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದರು. "ಇದಕ್ಕೇನಂತಾರೆ?"

"ಕನಸುಬಾಕ," ಎಂದರು ತಂದೆ ಮಗಳು ಒಟ್ಟಿಗೆ.

ಮನೆ ನಮಗೇ ಸಿಕ್ಕಿತು, ಒಂದು ಷರತ್ತಿನ ಮೇಲೆ. ನಾನು ಮೈಮರೆತು ಕಿಟಕಿಯಿಂದ ಕೆಳಗೆ ಬಿದ್ದರೆ ಯಾರು ಹೊಣೆ? ಆದ್ದರಿಂದ ಆ ಕೋಣೆ ಮಾವನವರಿಗೆ. ಕಟ್ಟೆ ಎಂದರೆ ಕುರ್ಚಿಯಲ್ಲ, ಸ್ವಲ್ಪ ಎತ್ತರದ ನೆಲ ಎಂದು ಅವರು ಅಲ್ಲೇ ತೀರ್ಪು ಕೊಟ್ಟುಕೊಂಡರು. ನನಗೆ ಸಿಕ್ಕಿದ್ದು ಹಿಂದಿನ ಕೋಣೆ. ಅದರ ಕಿಟಕಿ ತೆರೆದರೆ ಗೋಡೆ. ಅದೂ ಹೊಸದಾಗಿ ಸುಣ್ಣ ಬಳಿದದ್ದು, ಒಂದು ಚೂರು ಪಾಚಿಯೂ ಇಲ್ಲ. ನನಗೆ ಅಳುವೇ ಬಂತು.

ಸಾಮಾನು ತಂದಿಳಿಸಿದ ಮರುದಿನ, ಒಂದು ಸಲ ಇಣುಕಿ ನೋಡೋಣವೆಂದು ಕದ್ದು ಆ ಕೋಣೆಗೆ ಹೋದೆ. ಮಾವನವರು ಕಟ್ಟೆಯ ಮೇಲೆ ಅಂಗಾತ ಮಲಗಿ ಗೊರಕೆ ಹೊಡೆಯುತ್ತಿದ್ದರು. (ಅವರು ಮಾಡಿದರೆ ಅದು ವಿಶ್ರಾಂತಿ.) ಕಿಟಕಿಯ ಚೌಕಟ್ಟಿಗೆ ಮೇಟ್ರನ್ ಒಂದು ರಟ್ಟು ಅಂಟಿಸಿದ್ದರು.

"ಕನಸುಭಾಕರು ಇಲ್ಲಿ ಕೂರಬಾರದು."

ಓದಿದೆ. ಇನ್ನೊಮ್ಮೆ ಓದಿದೆ. ಮೈಯೆಲ್ಲ ಉರಿಯಿತು. ಗೇಟಿನ ಹಲಗೆಯನ್ನು ಬಿಟ್ಟಿದ್ದೆ, ಇದನ್ನು ಬಿಡುವುದು ಹೇಗೆ? ಮಾವನವರ ಮೈಮೇಲೆ ಬಾಗಿ, ಭಕಾರವನ್ನು ಹೊಡೆದು, ಅಂಚಿನಲ್ಲಿ ಕೆಂಪಗೆ 'ಬ' ಎಂದು ಬರೆದೆ.

"ಏನ್ರೀ ಮಾಡ್ತಿದ್ದೀರಿ ಅಲ್ಲಿ?" ಹಿಂದಿನಿಂದ ಹೆಂಡತಿಯ ದನಿ.

"ನೋಡೇ ಇಲ್ಲಿ, ಎಂಥ ಅನ್ಯಾಯ! ಅಲ್ಪಪ್ರಾಣ ಬರಬೇಕಾದ ಕಡೆ ಮಹಾಪ್ರಾಣ ಹಾಕಿದ್ದಾರೆ. ಕನಸುಬಾಕ. ಬಾಕ. ಹೊಟ್ಟೆಬಾಕ ಇದ್ದ ಹಾಗೆ."

ಅವಳು ರಟ್ಟನ್ನು ನೋಡಿದಳು, ನನ್ನ ಪೆನ್ಸಿಲನ್ನು ನೋಡಿದಳು.

"ಆ ಪದಾನೇ ಇಲ್ಲ ಅಂದಿದ್ರಲ್ಲ?"

ನಾನು ಉತ್ತರಕ್ಕಾಗಿ ಆಕಾಶದ ಕಡೆ ನೋಡಿದೆ. ಮಾವನವರ ಹೊಟ್ಟೆ ಅಡ್ಡ ಬಂತು.