ಬಾಯಿ ತೆರೆದು ಕೇಳುವವರು

ಅವತ್ತಿನ ಅನಾಹುತಕ್ಕೆಲ್ಲ ಮೂಲ, ಹಲ್ಲಿನ ಡಾಕ್ಟರು ಬೆಳಗಿನ ಕಾಫಿ ಆರುವುದರೊಳಗೆ ಒಂದು ಕಾದಂಬರಿಯ ಕೊನೆಯ ಸಂಪುಟವನ್ನು ಓದಿ ಮುಗಿಸಿದ್ದು. ಇಟ್ಟಿಗೆಯಷ್ಟು ದಪ್ಪದ ಪುಸ್ತಕ. ಒಳಗೆ ಮಾಟಗಾತಿಯರು, ಮಾತಾಡುವ ಕಾಡು, ಒಂದು ಮುದಿ ಡ್ರ್ಯಾಗನ್. ತಕ್ಷಣ ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಒಡೆದೇಹೋಗುತ್ತದೆ ಅನ್ನಿಸಿತು ಅವರಿಗೆ.

ಕೇಳುವವರಿಗೇನೂ ಬರವಿರಲಿಲ್ಲ. ಸಿನಿಮಾ ಆಗಲಿ, ಸಂಗೀತವಾಗಲಿ, ಪುಸ್ತಕವಾಗಲಿ, ತಮ್ಮ ಅಭಿಪ್ರಾಯವನ್ನು ಇದುವರೆಗೆ ಒಬ್ಬರೂ ಅಲ್ಲಗಳೆದಿಲ್ಲ ಎಂಬುದೇ ಡಾಕ್ಟರ ದೊಡ್ಡ ಹೆಮ್ಮೆ. ಕೇಳುವವರ ಬಾಯಲ್ಲಿ ಆಗ ಹತ್ತಿ, ಕನ್ನಡಿ, ಎಂಜಲು ಹೀರುವ ಕೊಳವೆ ತುಂಬಿರುತ್ತಿದ್ದವು ಎಂಬುದನ್ನು ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮೊದಲು ಬಂದವರು ಶಾಲೆಯ ಡ್ರಾಯಿಂಗ್ ಮೇಡಂ. ಹಲ್ಲುನೋವಿನಿಂದ ಮುಖ ಹಿಂಡಿಕೊಂಡು ಕುರ್ಚಿಯಲ್ಲಿ ಒರಗಿದರು. ಡಾಕ್ಟರು ಇಂಜೆಕ್ಷನ್ ಚುಚ್ಚಿ, ಹತ್ತಿ ತುರುಕಿ, ಒಂದು ಕೈಯಲ್ಲಿ ಹಲ್ಲನ್ನೂ ಇನ್ನೊಂದರಲ್ಲಿ ಕತೆಯನ್ನೂ ಕೊರೆಯಲು ಶುರುಮಾಡಿದರು.

“ಎಅ! ಎಅ!” ಎಂದರು ಮೇಡಂ.

“ಕೇಳಿ, ಇನ್ನೂ ಇದೆ. ರಾಣಿ ಕತ್ತಿ ಎತ್ತಿ ಡ್ರ್ಯಾಗನ್ ಎದುರು ನಿಲ್ತಾಳೆ. ಆಗ ಗೊತ್ತಾಗತ್ತೆ, ಆ ಡ್ರ್ಯಾಗನ್ನೇ ಅವಳ ಹೆತ್ತ ತಾಯಿ!”

ಮೇಡಂ ಕಾಲು ಝಾಡಿಸಿದರು. ಕಣ್ಣಲ್ಲಿ ದಳದಳ ನೀರು. “ಎಅ! ಎಅ! ಎಅ!”

ಡಾಕ್ಟರ ಕೈ ನಿಂತಿತು. “ಬೇಡ ಅಂತಿದೀರಾ? ಅಯ್ಯಯ್ಯೋ, ನೀವೂ ಅದನ್ನೇ ಓದ್ತಿದೀರಾ? ಕೊನೆ ಹೇಳಿಬಿಟ್ನಲ್ಲ! ಹೋಗ್ಲಿ ಬಿಡಿ, ಮೊನ್ನೆ ನೋಡಿದ ಸಿನಿಮಾ ವಿಷಯ ಹೇಳ್ತೀನಿ. ದೋಣಿ ಕಟ್ಟೋ ಗಂಡ ಹೆಂಡ್ತಿ. ಇಡೀ ಸಿನಿಮಾ ಕಟ್ತಾರೆ. ಕೊನೇಲಿ ಹೆಂಡ್ತಿ ದೋಣಿ ಹತ್ತೋದೇ ಇಲ್ಲ! ದಡದಲ್ಲಿ ನಿಂತು ನಗ್ತಾಳೆ. ಆ ನಗು ಇದೆಯಲ್ಲ…”

ತೆಳು ಹಲಗೆಗೋಡೆಯ ಆಚೆ, ಸರದಿಗೆ ಕೂತಿದ್ದ ಔಷಧಿ ಅಂಗಡಿಯವರು ಚೀರಿದರು. “ರೀ ಡಾಕ್ಟ್ರೇ! ಅದೇ ಸಿನಿಮಾಗೆ ಸಂಜೆ ಟಿಕೆಟ್ ತಗೊಂಡಿದೀನ್ರೀ!”

ಫಿಲ್ಲಿಂಗ್ ಮುಗಿದದ್ದೇ ತಡ, ಮೇಡಂ ಮರಗಟ್ಟಿದ ತುಟಿಯಲ್ಲಿ ಏನೋ ಬಡಬಡಿಸಿ, ಯಾರಿಗೂ ಅರ್ಥವಾಗದೆ, ಬಾಗಿಲು ದಢಾರನೆ ಎಳೆದುಕೊಂಡು ಹೋದರು. ಔಷಧಿ ಅಂಗಡಿಯವರು ಹಲ್ಲನ್ನೂ ತೋರಿಸದೆ ಅವರ ಹಿಂದೆಯೇ ಹೊರಟರು.

ಹೊರಗಿನ ಮೇಜಿನ ಮುಂದೆ ಕೂತು ದವಾಖಾನೆಯನ್ನೂ ಡಾಕ್ಟರನ್ನೂ ಆಳುತ್ತಿದ್ದವರು ಅವರ ಅತ್ತಿಗೆ. ಒಳಗೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತರು.

“ನೋಡಪ್ಪ ಮೈದುನ, ಇವತ್ತು ಈ ರೂಮಲ್ಲಿ ಬಾಯಿ ತೆರೆಯೋದು ರೋಗಿಗಳು ಮಾತ್ರ. ತಿಳೀತಾ?”

“ಅತ್ತಿಗೆ, ನನ್ನ ಅಭಿರುಚಿ…”

“ಮುಚ್ಚು.”

ಡಾಕ್ಟರು ಮುಚ್ಚಿದರು. ಮುಂದಿನವರು ಬ್ಯಾಂಕಿನ ಮ್ಯಾನೇಜರು. ಬಾಯಲ್ಲಿ ಇಣುಕಿ, ಒಂದು ನಿಟ್ಟುಸಿರು ಬಿಟ್ಟು, ಸುಮ್ಮನಾದರು ಡಾಕ್ಟರು. ಮ್ಯಾನೇಜರ ಹಣೆಯಲ್ಲಿ ಬೆವರೊಡೆಯಿತು.

“ಏನ್ ಡಾಕ್ಟ್ರೇ, ಮಾತೇ ಆಡ್ತಿಲ್ಲ? ಅಷ್ಟೊಂದು ಸೀರಿಯಸ್ಸಾ?”

ಡಾಕ್ಟರು ಬಾಗಿಲ ಕಡೆ ನೋಡಿ ತಲೆಯಲ್ಲಾಡಿಸಿದರು.

“ನಮ್ಮನೆಯವ್ರಿಗೆ ಏನಂತ ಹೇಳ್ಲಿ!” ಎಂದು ಮ್ಯಾನೇಜರು ಎದೆಗೆ ಕಟ್ಟಿದ್ದ ಬಟ್ಟೆಯ ಸಮೇತ ಓಡಿದರು. ಆ ಓಟ ನೋಡಿ, ಕಾಯುತ್ತಿದ್ದ ಇನ್ನಿಬ್ಬರು ತಮ್ಮ ಹಲ್ಲುನೋವು ವಾಸಿಯಾಯಿತೆಂದು ಎದ್ದುಹೋದರು.

ಮೌನ ಕೆಲಸಕ್ಕೆ ಬರಲಿಲ್ಲ. ಸಂಗೀತವಾದರೂ ಇರಲಿ ಎಂದು ಡಾಕ್ಟರು ತಾವು ಈಚೆಗೆ ಕಂಡುಹಿಡಿದ ಒಬ್ಬ ಮುದುಕಿಯ ಹಾಡು ಹಾಕಿದರು. ವಾದ್ಯವಿಲ್ಲ, ತಾಳವಿಲ್ಲ, ಒಂದೇ ಕಂಠ. ಡಾಕ್ಟರ ಮೈ ಝುಮ್ಮೆಂದಿತು. ಸ್ವಲ್ಪ ಹೊತ್ತಿಗೆ ಮೇಲಿನ ಮನೆಯ ರಿಟೈರ್ಡ್ ಜಡ್ಜು ಮೆಟ್ಟಿಲಿಳಿದು ಬಂದು, ಚಪ್ಪಲಿ ಹೊರಗೇ ಬಿಟ್ಟು, ಮೆಲ್ಲಗೆ ಕೇಳಿದರು:

“ಯಾರು ಹೋದ್ರು? ಯಾವಾಗ ಆಯ್ತು?”

ಡಾಕ್ಟರು ಹಾಡು ನಿಲ್ಲಿಸಿ, ಖಾಲಿ ಕುರ್ಚಿಯಲ್ಲಿ ತಾವೇ ಒರಗಿಕೊಂಡರು. ಇಷ್ಟು ಒಳ್ಳೆಯ ಅಭಿರುಚಿ ಹುಟ್ಟಬಾರದ ಬೀದಿಯಲ್ಲಿ ಹುಟ್ಟಿತಲ್ಲ ಎಂದು ಕೊರಗಿದರು.

ಸಂಜೆಗೆ ಗಾಳಿ ತಿರುಗಿತು. ಔಷಧಿ ಅಂಗಡಿಯವರು ದಿನವಿಡೀ ಗಿರಾಕಿಗಳ ಮುಂದೆ ಬೈದದ್ದೇ ಪ್ರಚಾರವಾಗಿತ್ತು. ಡಾಕ್ಟರು ಕತೆ ಹೇಳಿದರೆ ಡ್ರಾಯಿಂಗ್ ಮೇಡಂ ಬಿಕ್ಕಿ ಬಿಕ್ಕಿ ಅತ್ತರಂತೆ! ಟೈಲರು ಬಂದ, ಅವನ ಹೆಂಡತಿ ಬಂದಳು, ಜಡ್ಜು ಮತ್ತೆ ಇಳಿದು ಬಂದರು. ಟಿಕೆಟ್ ಹರಿದುಹಾಕಿ ಔಷಧಿ ಅಂಗಡಿಯವರೂ ಬಂದರು. ಬೆಂಚು ಸಾಲದೆ ಜನ ಗೋಡೆಗೊರಗಿ ನಿಂತರು.

“ಡಾಕ್ಟ್ರೇ, ಅದೇನೋ ಡ್ರ್ಯಾಗನ್ ಕತೆಯಂತೆ, ಹೇಳಿ ಮತ್ತೆ!”

ಡಾಕ್ಟರು ಅತ್ತಿಗೆಯ ಮುಖ ನೋಡಿದರು. ಅತ್ತಿಗೆ ಆಗಲೇ ಎಲ್ಲರಿಗಿಂತ ಮುಂದೆ ಕುರ್ಚಿ ಎಳೆದುಕೊಂಡು ಕೂತಿದ್ದರು.

ಹೇಳಿದರು ನೋಡಿ ಡಾಕ್ಟರು! ಕಾಡು ಮಾತಾಡಿತು, ದೋಣಿ ತೇಲಿತು, ಮುದುಕಿ ಹಾಡಿದಳು. ಡ್ರ್ಯಾಗನ್ ಮಗಳ ಕತ್ತಿಗೆ ತಲೆ ಬಾಗಿಸಿದಾಗ ಟೈಲರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬಾಯಲ್ಲಿ ಹತ್ತಿಯಿಲ್ಲದವರು ಮೊಟ್ಟಮೊದಲ ಬಾರಿಗೆ ತಮ್ಮ ಮಾತು ಕೇಳುತ್ತಿದ್ದಾರೆ! ಡಾಕ್ಟರ ಎದೆ ಬಿಳಿ ಕೋಟಿನ ಗುಂಡಿ ಕಿತ್ತುಹೋಗುವಷ್ಟು ಉಬ್ಬಿತು. ಚಪ್ಪಾಳೆ ಬಿದ್ದಿತು.

ಅದೇ ಹೊತ್ತಿಗೆ ಬಾಗಿಲಲ್ಲಿ ಡ್ರಾಯಿಂಗ್ ಮೇಡಂ ಕಾಣಿಸಿಕೊಂಡರು. ತಲೆಗೆ ಮಫ್ಲರು, ಕೆನ್ನೆ ಬನ್ನಿನ ಹಾಗೆ ಊದಿತ್ತು.

“ಬನ್ನಿ ಬನ್ನಿ!” ಡಾಕ್ಟರು ಎರಡೂ ಕೈ ಚಾಚಿದರು. “ನೋಡಿ, ನನ್ನ ಕತೆಗೆ ಮೊದಲು ಕಣ್ಣೀರಿಟ್ಟವರು ಇವರೇ. ‘ಬೇಡ, ಕೊನೆ ಹೇಳಬೇಡಿ’ ಅಂತ ಕಾಲು ಬಡಿದು ಬೇಡಿಕೊಂಡರು! ಮೇಡಂ, ನೀವೇ ನಾಲ್ಕು ಮಾತು ಹೇಳಿ.”

ಮೇಡಂ ಕೆನ್ನೆ ಹಿಡಿದುಕೊಂಡು, ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು.

“ಬೇಡ ಅನ್ನಲಿಲ್ಲ ಡಾಕ್ಟ್ರೇ. ಎಡ ಅಂದೆ. ಎಡ! ನೋವಿರೋದು ಎಡಗಡೆ ಹಲ್ಲು. ನೀವು ಕೊರೆದಿದ್ದು ಬಲಗಡೇದು.”

ಜಡ್ಜು ಗಂಟಲು ಸರಿಮಾಡಿಕೊಂಡರು. ಔಷಧಿ ಅಂಗಡಿಯವರು ತಮ್ಮ ಬಾಯಿಗೆ ಕೈ ಅಡ್ಡ ಹಿಡಿದು ಒಂದು ಹೆಜ್ಜೆ ಹಿಂದೆ ಸರಿದರು. ಅತ್ತಿಗೆ ಎದ್ದು, ರೋಗಿಯ ಕುರ್ಚಿಯ ಮೇಲಿನ ದೀಪ ಹಾಕಿದರು.

ಡಾಕ್ಟರು ಕೈಗವಸು ಹುಡುಕಿದರು, ಹಾಕಿಕೊಂಡರು, ಬಿಚ್ಚಿದರು, ಮತ್ತೆ ಹಾಕಿಕೊಂಡರು. ಕೊನೆಗೆ ತಡೆಯಲಾರದೆ, ಬೇರೆ ಯಾರಿಗೂ ಕೇಳಿಸದಷ್ಟು ಸಣ್ಣ ದನಿಯಲ್ಲಿ ಕೇಳಿಯೇಬಿಟ್ಟರು.

“ಅದು ಸರಿ ಮೇಡಂ… ಆದ್ರೆ ಆ ಡ್ರ್ಯಾಗನ್ ವಿಷಯ ಹೇಗನ್ನಿಸ್ತು?”

ಮೇಡಂ ಕುರ್ಚಿಯಲ್ಲಿ ಒರಗುತ್ತ ಹುಬ್ಬು ಗಂಟಿಕ್ಕಿದರು.

“ಯಾವ ಡ್ರ್ಯಾಗನ್?”