ಏಳು ನಿಮಿಷದ ಗೋಲ್‌ಕೀಪರ್

"ಏಳು ನಿಮಿಷ ಸಾಕು ಕಣೇ. ಏಳೇ ಏಳು ನಿಮಿಷದ ಸಿನಿಮಾದಲ್ಲಿ ಮಗಳ ಮನಸ್ಸು ತಿರುಗಿಸ್ಲಿಲ್ಲ ಅಂದ್ರೆ ನನ್ನ ಹೆಸರೇ ಬದಲಾಯಿಸ್ಕೋತೀನಿ."

ಕನ್ನಡಕದಂಗಡಿಯ ಯಜಮಾನರು ಶನಿವಾರ ಬೆಳಿಗ್ಗೆ ಹೀಗೆ ಭೀಷ್ಮಪ್ರತಿಜ್ಞೆ ಮಾಡಿದಾಗ ಅವರ ಹೆಂಡತಿ ಬಟ್ಟೆ ಹಿಂಡುತ್ತಿದ್ದರು. ತಲೆ ಎತ್ತಲಿಲ್ಲ.

"ನಲ್ಲಿ ರಿಪೇರಿಗೂ ಏಳು ನಿಮಿಷ ಅಂದಿದ್ರಿ. ನಾಲ್ಕು ತಿಂಗಳಿಂದ ಕೆಳಗೆ ಬಕೆಟ್ ಇಟ್ಟು ಕಾಯ್ತಿದ್ದೀನಿ."

ಸಂಗತಿ ಇಷ್ಟೇ. ಹನ್ನೆರಡು ವರ್ಷದ ಮಗಳು ಶಾಲೆಯ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಹಿಂದಿನ ವಾರ ಒಂದೇ ಪಂದ್ಯದಲ್ಲಿ ನಾಲ್ಕು ಗೋಲು ಬಿಟ್ಟು ಬಂದವಳು ಕೈಗವಸುಗಳನ್ನು ಬೀರುವಿನ ತಳಕ್ಕೆ ತಳ್ಳಿ, ಸೋಮವಾರ ತಂಡದಿಂದ ಹೆಸರು ತೆಗೆಸುತ್ತೇನೆಂದು ಹಟ ಹಿಡಿದು ಕೂತಿದ್ದಳು. ಅವಳಿಗಿಂತ ಹೆಚ್ಚು ಊಟ ಬಿಟ್ಟವರು ಅಪ್ಪ. ಅವರೂ ಒಂದು ಕಾಲದ ಗೋಲ್‌ಕೀಪರೇ ತಾನೆ! ‘ಹಿಂಬೀದಿ ಹುಲಿಗಳು’ ಎಂಬ ಅವರ ಬಾಲ್ಯದ ತಂಡದ ಕೊನೆಯ ಪಂದ್ಯ, ಕೊನೆಯ ನಿಮಿಷದ ಪೆನಾಲ್ಟಿ, ಅವರು ಗಾಳಿಯಲ್ಲಿ ಹಾರಿ ಚೆಂಡನ್ನು ಹಿಡಿದದ್ದು, ಇದನ್ನೆಲ್ಲ ಮಗಳು ಹಾಲುಗಲ್ಲದ ದಿನದಿಂದ ಕೇಳುತ್ತ ಬಂದಿದ್ದಳು. ಕಿವಿಯಲ್ಲಿ ಕೇಳಿದ್ದು ನಾಟದಿದ್ದರೆ ಕಣ್ಣಿಗೆ ತೋರಿಸಿದರಾಯಿತು ಎಂದು ಯಜಮಾನರು ಲೆಕ್ಕ ಹಾಕಿದರು.

ಸಿನಿಮಾ ಅವರಿಗೆ ಹೊಸದೇನಲ್ಲ. ಹುಲಿಗಳಲ್ಲಿ ಉಳಿದಿದ್ದ ಇಬ್ಬರು, ಒಬ್ಬ ದರ್ಜಿ, ಒಬ್ಬ ಬಸ್ ಡ್ರೈವರ್, ಇವರ ಜೊತೆ ಸೇರಿ ಫೋನಿನಲ್ಲೇ ಎರಡು ಕಿರುಚಿತ್ರ ತೆಗೆದಿದ್ದರು. ಎರಡನೆಯದನ್ನು ಮೂವತ್ತೊಂದು ಸಲ ನೋಡಲಾಗಿತ್ತು. ಅದರಲ್ಲಿ ಇಪ್ಪತ್ತು ಸಲ ನೋಡಿದವರು ದರ್ಜಿಯ ಅತ್ತೆ. ಪಾಪ, ಅವರಿಗೆ ಫೋನ್ ನಿಲ್ಲಿಸಲು ಬರುತ್ತಿರಲಿಲ್ಲ.

ಭಾನುವಾರ ತಾಯಿ-ಮಗಳು ಚಿಕ್ಕಮ್ಮನ ಮನೆಗೆ ಹೊರಟಿದ್ದೇ ತಡ, ತಾರಸಿಯ ಮೇಲೆ ಚಿತ್ರೀಕರಣ ಶುರುವಾಯಿತು. ಬಟ್ಟೆ ಒಣಹಾಕುವ ಎರಡು ಕಂಬಗಳೇ ಗೋಲು. ಮಂಚದಿಂದ ಬಂದ ಹಾಸಿಗೆಯೇ ಮೈದಾನ. ಇಷ್ಟು ದಿನ ಕ್ಯಾಮೆರಾ ಹಿಡಿಯುತ್ತಿದ್ದ ದರ್ಜಿ ಈಗ ಎದುರಾಳಿಯಾಗಿ ಚೆಂಡು ಒದೆಯಬೇಕಾದ್ದರಿಂದ ಫೋನು ಮೊದಲ ಬಾರಿಗೆ ಡ್ರೈವರನ ಕೈಗೆ ಬಂತು. ಅವನು ಗುಂಡಿಯನ್ನು ಒಮ್ಮೆ ಒತ್ತಿ ನೋಡಿದ. ಕೆಂಪು ಚುಕ್ಕಿ ಬಂತು. ಇಪ್ಪತ್ತೆರಡು ವರ್ಷ ಬಸ್ ಓಡಿಸಿದವನಿಗೆ ಕೆಂಪು ಅಂದರೆ ನಿಂತಿದೆ ಎಂದೇ ಅರ್ಥ. ಯಜಮಾನರು "ಸ್ಟಾರ್ಟ್" ಎಂದಾಗ ಮತ್ತೆ ಒತ್ತಿದ. ಕೆಂಪು ಹೋಯಿತು. ಬಸ್ಸು ಹೊರಟಿತು ಎಂದುಕೊಂಡ. "ಕಟ್" ಎಂದಾಗ ಇನ್ನೊಮ್ಮೆ ಒತ್ತಿ, ಕೆಂಪು ಬಂದದ್ದನ್ನು ಖಾತ್ರಿ ಮಾಡಿಕೊಂಡು, ನಿಶ್ಚಿಂತೆಯಿಂದ ಫೋನನ್ನು ಸ್ಟೂಲಿಗೆ ಒರಗಿಸಿದ. ದಿನವಿಡೀ ಇದೇ ಶಿಸ್ತು.

ಇತ್ತ ಯಜಮಾನರು ಮಗಳ ಕೈಗವಸುಗಳಲ್ಲಿ ತಮ್ಮ ಅರ್ಧ ಅಂಗೈ ತುರುಕಿಕೊಂಡು ಹಾರಿದರು. ಚೆಂಡು ಬಲಕ್ಕೆ, ಅವರು ಎಡಕ್ಕೆ. ಮತ್ತೆ ಹಾರಿದರು. ಚೆಂಡು ಮೇಲೆ, ಅವರು ಕೆಳಗೆ. ಹದಿನಾಲ್ಕನೇ ಸಲಕ್ಕೆ ದರ್ಜಿ ಮಗುವಿಗೆ ಎಸೆದಂತೆ ಕೈಯಿಂದಲೇ ಎಸೆದ. ಅದೂ ಅವರ ಹೊಟ್ಟೆಗೆ ತಾಗಿ ಪಕ್ಕದ ಮನೆಯ ನೀರಿನ ತೊಟ್ಟಿಗೆ ಬಿತ್ತು. ಕೊನೆಗೆ ದರ್ಜಿಗೆ ತಡೆಯಲಾಗಲಿಲ್ಲ. ತೊಟ್ಟಿಯಿಂದ ಚೆಂಡು ಎತ್ತಿ ತಂದು, ಜೇಬಿನಿಂದ ಸೂಜಿ-ದಾರ ತೆಗೆದು ಅದನ್ನು ಕೈಗವಸುಗಳಿಗೇ ಹೊಲಿದುಬಿಟ್ಟ.

"ಈಗ ಹೆಂಗೆ ಬಿಡ್ತೀಯೋ ನೋಡ್ತೀನಿ," ಎಂದ.

ಸಂಜೆ ಮನೆಯವರೆಲ್ಲ, ಜೊತೆಗೆ ದರ್ಜಿ, ಡ್ರೈವರ್ ಕೂಡ, ಟೀವಿಯ ಮುಂದೆ ಕೂತರು. ಸಿನಿಮಾ ಕತ್ತರಿಸಿ ಜೋಡಿಸಲು ಮೂವರಿಗೂ ಬರುತ್ತಿರಲಿಲ್ಲ. ದರ್ಜಿಗೆ ಕತ್ತರಿ ಕೆಲಸ ಗೊತ್ತಿದ್ದರೂ ಅದು ಬಟ್ಟೆಯ ಮಟ್ಟಿಗೆ. ಹಾಗಾಗಿ ತೆಗೆದದ್ದನ್ನು ತೆಗೆದಂತೆಯೇ ಹಾಕಿದರು.

ಮೊದಲ ಎರಡು ನಿಮಿಷ ಪರದೆಯ ಮೇಲೆ ಡ್ರೈವರನ ಚಪ್ಪಲಿ.

"ಹಾರೋದು ಯಾವಾಗಪ್ಪ?" ಎಂದಳು ಮಗಳು.

"ಬರುತ್ತೆ ಪುಟ್ಟಾ, ತಾಳು."

ಹಾರಾಟ ಬರಲೇ ಇಲ್ಲ. ಹಾಸಿಗೆಯ ಮೇಲೆ ಏದುಸಿರು ಬಿಡುತ್ತ ಮಲಗಿದ ಯಜಮಾನರು ಬಂದರು. ಪರದೆಯೊಳಗಿನಿಂದ ಅವರದೇ ದನಿ ಕೇಳಿಸಿತು. "ಲೋ, ಕ್ಯಾಮೆರಾ ನಿಂತಿದೆ ತಾನೆ?"

"ಕೆಂಪು ಬಂದಿದೆ ಕಣೋ. ನಿಂತಿದೆ."

ಟೀವಿಯ ಮುಂದಿದ್ದ ಯಜಮಾನರು ರಿಮೋಟಿಗೆ ಕೈ ಚಾಚಿದರು. ಹೆಂಡತಿ ಅದನ್ನು ಮೆತ್ತಗೆ ತಮ್ಮ ಮಡಿಲಿಗೆ ಎಳೆದುಕೊಂಡರು.

ಪರದೆಯ ಮೇಲೆ ದರ್ಜಿ ಕೇಳುತ್ತಿದ್ದ. "ನಿಜ ಹೇಳು, ಕೊನೇ ಮ್ಯಾಚಲ್ಲಿ ಎಷ್ಟು ಗೋಲು ಬಿಟ್ಟೆ? ಏಳಾ?"

"ಒಂಬತ್ತು. ಮೆಲ್ಲಗೆ ಮಾತಾಡೋ."

"ಮತ್ತೆ ಆ ಪೆನಾಲ್ಟಿ?"

"ನಾನೆಲ್ಲಿ ಹಿಡಿದೆ? ಅವನೇ ಹೊರಗೆ ಒದ್ದ. ನಾನು ಕಣ್ಣು ಮುಚ್ಚಿಕೊಂಡಿದ್ದೆ." ಆಮೇಲೆ ಅವರೇ ಹೇಳಿದರು: "ಮಾರನೇ ದಿನವೇ ಆಟ ಬಿಟ್ಟುಬಿಟ್ಟೆ ಕಣೋ. ಎಲ್ಲರೂ ಕರೆದ್ರು, ಹೋಗ್ಲಿಲ್ಲ. ಇವತ್ತಿಗೂ ಆ ಮೈದಾನ ಕಂಡ್ರೆ ಬೇರೆ ರಸ್ತೆ ಹಿಡೀತೀನಿ. ನನ್ನ ಮಗಳಿಗೆ ಹಂಗಾಗಬಾರದು. ಅದಕ್ಕೇ ಈ ಸುಳ್ಳು."

ಡ್ರೈವರ್ ತಲೆ ತಗ್ಗಿಸಿದ. ಯಜಮಾನರಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಮಗಳ ಮುಖ ನೋಡುವ ಧೈರ್ಯವಾಗಲಿಲ್ಲ.

"ಆ ಒಂಬತ್ತು ಗೋಲು ಬಿಟ್ಟಿದ್ದು ಕನ್ನಡಕ ಹಾಕ್ಕೊಂಡಾ, ಹಾಕ್ಕೊಳ್ಳದೇನಾ?" ಎಂದು ಹೆಂಡತಿ ವಿಚಾರಿಸಿದರು.

ಮಗಳು ಕಿಸಕ್ಕೆಂದಳು. ವಾರದಿಂದ ಮುಖ ಊದಿಸಿಕೊಂಡಿದ್ದವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಒಂಬತ್ತಾ ಅಪ್ಪ? ನಾನು ಬಿಟ್ಟಿದ್ದು ಬರೀ ನಾಲ್ಕು!" ಎನ್ನುತ್ತ ಎದ್ದು ಹೋಗಿ ಕೈಗವಸುಗಳನ್ನು ತಂದಳು. ಜೊತೆಗೆ ಚೆಂಡೂ ಬಂತು. ದರ್ಜಿ ಹೊಲಿಗೆ ಬಿಚ್ಚತೊಡಗಿದ.

"ಹಂಗಾದ್ರೆ ಹೆಸರು ತೆಗೆಸಲ್ಲ ತಾನೆ?" ಯಜಮಾನರು ಕೇಳಿದರು. ದನಿ ಸಣ್ಣಗಾಗಿತ್ತು.

"ಇಲ್ಲ. ನಾಳೆ ಸಂಜೆ ಪ್ರಾಕ್ಟೀಸಿಗೆ ನೀನೂ ಬರ್ಬೇಕು."

ಯಜಮಾನರ ಕಣ್ಣು ಮಂಜಾಯಿತು. ಸೋತರೂ ಗುರುಸ್ಥಾನ ಉಳಿಯಿತಲ್ಲ ಎಂದು ಬೆನ್ನು ನೆಟ್ಟಗೆ ಮಾಡಿ ಕೂತರು. "ಬರ್ತೀನಿ ಪುಟ್ಟಾ. ಏನು ಹೇಳ್ಕೊಡ್ಬೇಕು?"

"ಏನೂ ಹೇಳ್ಕೊಡಬೇಡ. ಸುಮ್ನೆ ಗೋಲಲ್ಲಿ ನಿಂತ್ಕೋ. ನಮ್ಮ ಟೀಮಲ್ಲಿ ಈ ವರ್ಷ ಯಾರೂ ಒಂದು ಗೋಲೂ ಹೊಡೆದಿಲ್ಲ. ಅವರಿಗೂ ಸ್ವಲ್ಪ ಧೈರ್ಯ ಬರ್ಲಿ."