ಕರಾರುವಾಕ್ಕಪ್ಪನವರ ಮಣ್ಣು ಪರೀಕ್ಷೆ

"ಈ ಸಲ ನನ್ನ ಈರುಳ್ಳಿ ಒಂದೊಂದೂ ಕ್ರಿಕೆಟ್ ಚೆಂಡಿನ ಗಾತ್ರ ಬರದಿದ್ರೆ ನನ್ನ ಹೆಸರು ಬದಲಾಯಿಸ್ತೀನಿ!" ಎಂದು ಗಡಿಯಾರ ರಿಪೇರಿಯವರು ಹಿತ್ತಲಲ್ಲಿ ನಿಂತು ಘೋಷಿಸಿದರು. ಹೆಸರು ಬದಲಾಗಿ ಆಗಲೇ ಬಹಳ ವರ್ಷವಾಗಿತ್ತು. ಉಪ್ಪನ್ನೂ ತೂಗಿ ಹಾಕಿಕೊಳ್ಳುವ ಈ ಮಹಾಶಯರನ್ನು ಬೀದಿಯವರೆಲ್ಲ ಕರಾರುವಾಕ್ಕಪ್ಪ ಎಂದೇ ಕರೆಯುತ್ತಿದ್ದರು.

"ಬಾಯಲ್ಲಿ ಬೆಳೆಯೋದು ಸುಲಭ ರೀ," ಎಂದಳು ಹೆಂಡತಿ. "ಎಡಗಡೆ ಮಡಿ ನಂದು, ಬಲಗಡೇದು ನಿಮ್ದು. ಯಾರ ಈರುಳ್ಳಿ ಸಣ್ಣದಾಗತ್ತೋ ಅವರು ಒಂದು ವರ್ಷ ಅಡುಗೆಗೆ ಈರುಳ್ಳಿ ಹೆಚ್ಚಬೇಕು!"

ಪಕ್ಕದ ಮನೆಯಲ್ಲಿ ಈರುಳ್ಳಿ ಹೆಚ್ಚಿದರೂ ಕರಾರುವಾಕ್ಕಪ್ಪನವರ ಕಣ್ಣಲ್ಲಿ ಧಾರಾಕಾರ! ಆದರೂ ಮೀಸೆ ತಿರುವಿ ಒಪ್ಪಿಕೊಂಡರು.

"ಮಣ್ಣಲ್ಲಿ ಗಿಡಕ್ಕೆ ದಕ್ಕೋ ಸಾರಜನಕ ಎಷ್ಟಿದೆ ಅಂತ ನೋಡದೆ ಗೊಬ್ಬರ ಹಾಕೋದು, ಕತ್ತಲಲ್ಲಿ ಗಡಿಯಾರ ಬಿಚ್ಚಿದ ಹಾಗೆ ಕಣೇ!"

"ನಂಗೆ ಎಲೆ ಬಣ್ಣ ನೋಡಿದ್ರೆ ಗೊತ್ತಾಗತ್ತೆ."

ಮರುದಿನ ತಮ್ಮ ಮಡಿಯ ಹತ್ತು ಕಡೆ, ಸ್ಕೇಲು ಹಿಡಿದು, ಆರಂಗುಲ ಆಳದ ಮಣ್ಣು ತೆಗೆದರು. ಅದನ್ನು ಬೆರೆಸಲು ಪಾತ್ರೆಗೆ ಕೈ ಹಾಕಿದ್ದೇ ತಡ, ಅಡುಗೆಮನೆ ಗುಡುಗಿತು. "ನನ್ನ ಪಾತ್ರೆ ಮುಟ್ಟಿದ್ರೆ ನೋಡಿ!" ಪಾಪ, ಬಚ್ಚಲ ಹಿಂದಿನ ನೀಲಿ ಬಕೆಟ್ಟೇ ಗತಿಯಾಯಿತು.

"ರೀ, ಆ ಬಕೆಟ್ಟು ತೊಳ್ಕೊಳ್ಳಿ."

"ತೊಳೆಯೋದಾ? ನೀರಿನ ಹನಿ ಬಿದ್ರೆ ಶುದ್ಧತೆ ಕೆಡತ್ತೆ! ವಿಜ್ಞಾನ ನಿಂಗೆ ಅರ್ಥವಾಗಲ್ಲ, ಸುಮ್ನಿರು!"

ಅವಳು ಸುಮ್ಮನಾದಳು. ಮಣ್ಣು ನೆರಳಲ್ಲಿ ಒಣಗಿ ಪ್ರಯೋಗಾಲಯ ಸೇರಿತು. ವಾರದಲ್ಲೇ ಅಲ್ಲಿಂದ ಫೋನು ಬಂತು.

"ಸಾರ್, ನನ್ನ ಸರ್ವೀಸಲ್ಲೇ ಇಷ್ಟು ಸಾರಜನಕ ನೋಡಿಲ್ಲ! ಒಂದು ಚಮಚ ಗೊಬ್ಬರಾನೂ ಹಾಕ್ಬೇಡಿ!"

ಕರಾರುವಾಕ್ಕಪ್ಪನವರು ನೆಲದ ಮೇಲೆ ನಿಲ್ಲಲಿಲ್ಲ. ಆಮೇಲೆ ಕೈಸೇರಿದ ವರದಿಗೆ ಗಾಜಿನ ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದರು. ಗಡಿಯಾರ ಕೇಳಲು ಬಂದವರಿಗೆಲ್ಲ ಸಾರಜನಕದ ಪಾರಾಯಣವಾಯಿತು.

ಹೆಂಡತಿ ಮಾತ್ರ ಆಗಾಗ ತನ್ನ ಮಡಿಗೆ ಹಿಡಿ ಗೊಬ್ಬರ ಹಾಕುತ್ತಿದ್ದಳು. ಅವಳ ಗಿಡ ಹಸಿರಾಗಿ ಸೆಟೆದು ನಿಂತವು, ಇವರವು ಹಳದಿಯಾಗಿ ಜೋತುಬಿದ್ದವು.

"ರೀ, ಗಿಡ ಬಿಳಿಚ್ಕೊಂಡಿದಾವೆ."

"ಅದು ಚಿನ್ನದ ಬಣ್ಣ ಕಣೇ!"

ಕಿತ್ತ ದಿನ ಅವಳ ಬುಟ್ಟಿಯಲ್ಲಿ ಕ್ರಿಕೆಟ್ ಚೆಂಡುಗಳು. ಇವರ ಬುಟ್ಟಿಯಲ್ಲಿ ಗೋಲಿಗಳು!

"ಆ ಪರೀಕ್ಷೆಯೇ ಸುಳ್ಳು!" ಎಂದು ಕರಾರುವಾಕ್ಕಪ್ಪನವರು ಹಾರಾಡಿದರು.

"ಪಾಪ, ಅವರು ಇದ್ದದ್ದನ್ನೇ ಹೇಳಿದ್ರು. ಆ ನೀಲಿ ಬಕೆಟ್ಟಲ್ಲೇ ನಾನು ಯೂರಿಯಾ ಗೊಬ್ಬರ ಇಡೋದು. ತಳದಲ್ಲಿ ಇನ್ನೂ ಅಂಟ್ಕೊಂಡಿತ್ತು."

"ಆಗಲೇ ಬಾಯಿಬಿಟ್ಟು ಹೇಳೋದಲ್ವೇನೇ?"

"ಸುಮ್ನಿರು ಅಂದ್ರಲ್ಲ. ವಿಜ್ಞಾನ ಬೇರೆ ನಂಗೆ ಅರ್ಥವಾಗಲ್ಲ!"

ಸಂಜೆ ಕರಾರುವಾಕ್ಕಪ್ಪನವರು ಅಡುಗೆಮನೆಯಲ್ಲಿ ಚಾಕು ಹಿಡಿದು ಕೂತರು. ಅವಳ ಈರುಳ್ಳಿಯಾದರೆ ಎರಡು ಸಾಕಿತ್ತು. ಅವಳು ತಂದು ಸುರಿದದ್ದು ಇವರದೇ ನಲವತ್ತು ಗೋಲಿ! ಆರನೆಯದನ್ನು ಸುಲಿಯುವಷ್ಟರಲ್ಲಿ ಕೆನ್ನೆ, ಮೀಸೆ, ಚಾಕು ಎಲ್ಲ ಒದ್ದೆ.

ಒಲೆಯ ಕಡೆಯಿಂದ ಹೆಂಡತಿ ತಿರುಗಿ ನೋಡಿದಳು.

"ರೀ, ಹುಷಾರು! ನೀರಿನ ಹನಿ ಬಿದ್ರೆ ಶುದ್ಧತೆ ಕೆಡತ್ತೆ!"